ಎಲ್‌ಬಿಸಿ

ಲಂಡನ್ನಿನ ಮಾತಿನ ಬಾನುಲಿ ನಿಲಯ. ಆರಂಭದ ಪೂರ್ಣ ಹೆಸರು ಲಂಡನ್ ಬ್ರಾಡ್‌ಕಾಸ್ಟಿಂಗ್ ಕಂಪನಿ. ಬ್ರಿಟನ್ನಿನ ಸ್ವತಂತ್ರ ಸ್ಥಳೀಯ ಬಾನುಲಿ ವ್ಯವಸ್ಥೆಯ ಮೊದಲ ಖಾಸಗಿ ನಿಲಯವಾಗಿ 1973ರ ಅಕ್ಟೋಬರ್ 8ರಂದು ಆರಂಭವಾಯಿತು. ಹಾಡಿನ ಹಂಗಿಲ್ಲ, ಸುದ್ದಿ ಮತ್ತು ಕೇಳುಗರ ಫೋನ್ ಕರೆಗಳೇ ಬಂಡವಾಳ. 2014ರಲ್ಲಿ ಡಿಜಿಟಲ್ ಪ್ರಸಾರದ ಮೂಲಕ ದೇಶವ್ಯಾಪಿಯಾಯಿತು.

ಕಚೇರಿ ಬಿಟ್ಟು ಮನೆಗೆ ಹೊರಟವರು ಕಾರಿನಲ್ಲಿ ಕೇಳುವ ಸಂಜೆಯ ಹೊತ್ತು ಇಂಥ ನಿಲಯಗಳಿಗೆ ಸುಗ್ಗಿ. ರೈಲು ಮುಷ್ಕರ, ಮನೆ ಬಾಡಿಗೆ, 2023ರಲ್ಲಿ ಇಡೀ ಲಂಡನ್ನಿಗೆ ವಿಸ್ತರಿಸಿದ ವಾಹನ ಮಾಲಿನ್ಯ ಶುಲ್ಕ ಇವೆಲ್ಲ ಅಲ್ಲಿನ ಜಗಳದ ವಸ್ತುಗಳು. ಕರೆ ಮಾಡಿದವರು ನೇರವಾಗಿ ಪ್ರಸಾರಕ್ಕೆ ಬರುವುದಿಲ್ಲ. ನಿರ್ಮಾಣ ಸಹಾಯಕರು ಮೊದಲು ಮಾತಾಡಿಸಿ, ಹೆಸರು, ಊರು, ವಾದದ ತಿರುಳನ್ನು ನಿರೂಪಕರ ಪರದೆಗೆ ಕಳಿಸುತ್ತಾರೆ. ಧ್ವನಿ ಕೆಲವು ಸೆಕೆಂಡು ತಡವಾಗಿ ಹೊರಹೋಗುವುದರಿಂದ ಬೈಗುಳ, ಮಾನಹಾನಿಯ ಮಾತನ್ನು ಗುಂಡಿ ಒತ್ತಿ ಅಳಿಸಬಹುದು. ಒಪ್ಪುವವರಿಗಿಂತ ಒಪ್ಪದವರ ಕರೆಯಿಂದಲೇ ಕಾರ್ಯಕ್ರಮಕ್ಕೆ ಕಾವು ಬರುತ್ತದೆಂಬುದು ನಿರೂಪಕರಿಗೆ ಚೆನ್ನಾಗಿ ಗೊತ್ತು.

ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ನಿಯಮದಂತೆ ಸುದ್ದಿ ನಿಷ್ಪಕ್ಷವಾಗಿರಬೇಕು. ಚರ್ಚೆಯಲ್ಲಿ ನಿರೂಪಕರು ತಮ್ಮ ನಿಲುವು ಹೇಳಬಹುದು, ಆದರೆ ಎದುರು ವಾದಕ್ಕೂ ಜಾಗ ಬೇಕು. ರಾಜಕಾರಣಿ ನೈಜೆಲ್ ಫರಾಜ್ 2017ರಿಂದ 2020ರವರೆಗೆ ಇಲ್ಲಿ ಸಂಜೆಯ ನಿರೂಪಕರಾಗಿದ್ದರು.

ಭಾರತದಲ್ಲಿ ಈ ಮಾದರಿ ಬೇರೂರಿಲ್ಲ. ಖಾಸಗಿ ಎಫ್‌ಎಂ ನಿಲಯಗಳಿಗೆ ಸ್ವಂತ ಸುದ್ದಿ ಪ್ರಸಾರ ನಿಷಿದ್ಧ; ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಲು ಮಾತ್ರ 2011ರ ನೀತಿ ಅವಕಾಶ ಕೊಟ್ಟಿತು. ಟ್ರಾಫಿಕ್, ಹವಾಮಾನ, ನೀರು-ಕರೆಂಟಿನ ಮಾಹಿತಿಯನ್ನು ಅದು ಸುದ್ದಿಯೆಂದು ಎಣಿಸುವುದಿಲ್ಲವಾದ್ದರಿಂದ ಬೆಂಗಳೂರಿನ ಆರ್‌ಜೆಗಳ ಸಂಜೆಯ ಹರಟೆ ಹೆಚ್ಚಾಗಿ ಅವುಗಳ ಸುತ್ತಲೇ ಸುಳಿಯುತ್ತದೆ.