ಉಗ್ರಾಣದ ಬೀಗದ ಕೈ

ಮನೆಯಂಗಳದಲ್ಲೇ ಚಪ್ಪರ ಹಾಕಿ ಮದುವೆ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಒಂದು ಕೋಣೆಯನ್ನು ಉಗ್ರಾಣಕ್ಕೆಂದೇ ಬಿಟ್ಟುಕೊಡುತ್ತಿದ್ದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಎಲೆ ಎಲ್ಲವೂ ಅಲ್ಲಿ. ಅದರ ಬೀಗದ ಕೈ ದೊಡ್ಡಮ್ಮನ ಸೆರಗಿನಲ್ಲಿ. ಕೇಳಿದ್ದನ್ನು ಅಳೆದು ಕೊಡುವುದು, ಹುಳ ಹಿಡಿದ ಬೇಳೆಯನ್ನು ಹೊರಗೆ ಹಾಕುವುದು, ಮುಗಿಯುತ್ತ ಬಂದದ್ದನ್ನು ತರಿಸುವುದು ಅವರ ಕೆಲಸ. ಊಟ ಚೆನ್ನಾಗಿದ್ದರೆ ಹೊಗಳಿಕೆ ಅಡುಗೆಯವರಿಗೆ. ಉಗ್ರಾಣದ ನೆನಪು ಯಾರಿಗೂ ಬರುತ್ತಿರಲಿಲ್ಲ. ಬೀಜಾಡಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಾಗ ನನಗೆ ದೊಡ್ಡಮ್ಮ ನೆನಪಾಗುವುದುಂಟು.

2008ರಲ್ಲಿ ಪೋಸ್ಟ್‌ಮ್ಯಾನ್ ಒಂದು ಸೀಡಿ ತಂದುಕೊಟ್ಟರು. ಬೆಂಗಳೂರಿನಲ್ಲಿ ಓದುತ್ತಿದ್ದ ಅಕ್ಕನ ಮಗ ನನ್ನ ವಿಳಾಸಕ್ಕೆ ತರಿಸಿದ್ದು. ಅದರ ಮೇಲೆ ‘ಉಬುಂಟು 8.04’ ಎಂದಿತ್ತು. 2008ನೆಯ ಇಸವಿಯ ನಾಲ್ಕನೆಯ ತಿಂಗಳಿನದು ಎಂದು ಆ ಸಂಖ್ಯೆಯ ಅರ್ಥ. ಸೀಡಿಗೂ ದುಡ್ಡಿಲ್ಲ, ಅಂಚೆಗೂ ಇಲ್ಲ! ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಸೀಡಿಗಳು 2011ರವರೆಗೂ ಕೇಳಿದವರ ಮನೆಗೆ ಹೀಗೆ ಬರುತ್ತಿದ್ದವು. ಆಗ ನಮ್ಮ ಪೇಟೆಗಳಲ್ಲಿ ನಕಲಿ ಸೀಡಿ ಹಾಕಿಸಿಕೊಂಡು ಕದ್ದ ಮಾಲಿನ ಅಳುಕಿನಲ್ಲಿ ಕೆಲಸ ಮಾಡುವವರೇ ಹೆಚ್ಚು. ಕದಿಯದೆ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು.

ಆದರೆ ಸೀಡಿ ಬರೀ ಬಾಗಿಲು. ಹಿಂದೆ ದೊಡ್ಡ ಉಗ್ರಾಣವಿತ್ತು. ಅದರ ಕತೆ ಹಳೆಯದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದರು. ಒಬ್ಬೊಬ್ಬರು ಬರೆದ ಬಿಡಿಭಾಗಗಳನ್ನು ಹೊಂದಿಸಿಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವಿರಲಿಲ್ಲ. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ತರುಣ ಡೆಬಿಯನ್ ಎಂಬ ಯೋಜನೆ ಘೋಷಿಸಿದರು. ಗೆಳತಿ ಡೆಬ್ರಾಳ ಹೆಸರು, ತನ್ನ ಹೆಸರು ಎರಡನ್ನೂ ಸೇರಿಸಿ ಇಟ್ಟ ಹೆಸರದು. ಲೋಕದ ಎಲ್ಲೆಡೆಯ ಸ್ವಯಂಸೇವಕರು ಒಂದೊಂದು ತಂತ್ರಾಂಶವನ್ನು ವಹಿಸಿಕೊಂಡು, ಕಟ್ಟಿ, ಪರೀಕ್ಷಿಸಿ ಒಂದೇ ಕಡೆ ಇಟ್ಟರು. ಉಬುಂಟು ಕಟ್ಟಿದ್ದೂ ಇದರ ಮೇಲೆಯೇ. 2023ರಲ್ಲಿ ಬಂದ ಡೆಬಿಯನ್ 12ರ ಉಗ್ರಾಣದಲ್ಲಿ 64,000ಕ್ಕೂ ಹೆಚ್ಚು ಪೊಟ್ಟಣಗಳಿದ್ದವು.

1999ರಲ್ಲಿ ‘ಆಪ್ಟ್’ ಎಂಬ ಸಾಧನ ಬಂದ ಮೇಲೆ ಕೆಲಸ ಇನ್ನಷ್ಟು ಸುಲಭವಾಯಿತು. ನಮ್ಮ ಯಂತ್ರ ಮೊದಲು ಉಗ್ರಾಣದ ಪಟ್ಟಿ ತರಿಸಿಕೊಳ್ಳುತ್ತದೆ, ತನ್ನಲ್ಲಿರುವುದರ ಜೊತೆ ಹೋಲಿಸುತ್ತದೆ, ಬದಲಾದದ್ದನ್ನು ಮಾತ್ರ ತರುತ್ತದೆ. ಒಂದಕ್ಕೆ ಇನ್ನೊಂದು ಬೇಕಿದ್ದರೆ ಅದನ್ನೂ ಕೇಳದೆಯೇ ತರುತ್ತದೆ. ಚಕ್ಕುಲಿಗೆ ಅಕ್ಕಿಹಿಟ್ಟು ಕೇಳಿದರೆ ದೊಡ್ಡಮ್ಮ ಜೀರಿಗೆ, ಎಳ್ಳನ್ನೂ ಕೊಟ್ಟು ಕಳಿಸುತ್ತಿದ್ದ ಹಾಗೆ. ಪಟ್ಟಿಗೆ ಮೊಹರೂ ಇರುತ್ತದೆ. ದಾರಿಯಲ್ಲಿ ಯಾರಾದರೂ ಒಂದಕ್ಷರ ತಿದ್ದಿದರೂ ಮೊಹರು ಹೊಂದುವುದಿಲ್ಲ.

ಇದೊಂದನ್ನೂ ತಿಳಿಯದ ನಾನು, ಪರದೆಯ ಮೂಲೆಯಲ್ಲಿ ‘ಹೊಸದು ಬಂದಿದೆ’ ಎಂಬ ಸೂಚನೆ ಕಂಡಾಗಲೆಲ್ಲ ಮುಚ್ಚಿಬಿಡುತ್ತಿದ್ದೆ. ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು? 2015ರ ಮಾರ್ಚಿನಲ್ಲಿ, ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗೆಂದು ಹೊಸ ಕನ್ನಡ ಅಕ್ಷರಶೈಲಿ ಹಾಕಿಕೊಳ್ಳಹೊರಟೆ. ಎಷ್ಟು ಸಲ ಒತ್ತಿದರೂ ‘ಸಿಗಲಿಲ್ಲ’ ಎಂಬ ಉತ್ತರ. ರಾತ್ರಿ ಒಂಬತ್ತಕ್ಕೆ ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಕಾಣಿ ಚಿಕ್ಕಿ, ಆ ಬಾಗ್ಲ್ ಮುಚ್ಚಿ ನಾಲ್ಕ್ ವರ್ಷ ಆಯ್ತ್,” ಎಂದ ಅವನು.

ಮನೆಬಳಕೆಯ 8.04ಕ್ಕೆ ಮೂರೇ ವರ್ಷದ ಆರೈಕೆ, ಅದು 2011ರ ಮೇ ತಿಂಗಳಿಗೆ ಮುಗಿದಿತ್ತು. ಆಮೇಲೆ ಅದರ ಪೊಟ್ಟಣಗಳನ್ನು ಹಳೆಯ ಆವೃತ್ತಿಗಳ ಬೇರೆ ಕೋಣೆಗೆ ಸಾಗಿಸಿದ್ದರು. ಹೊಸ ವಿಳಾಸ ನನ್ನ ಯಂತ್ರಕ್ಕೆ ಗೊತ್ತಿರಲಿಲ್ಲ. ಅಂದು ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಬರೆದೆ. ಯಂತ್ರವನ್ನು ಬೈದೆ. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಬೆಳಗಾಗಬೇಕಾಯಿತು.

ಆ ಬೇಸಿಗೆಯಲ್ಲಿ ಅವನು ಬಂದು ಹೊಸ ಆವೃತ್ತಿ ಹಾಕಿಕೊಟ್ಟ. ಆಗ ಉಗ್ರಾಣದ ಪಟ್ಟಿಯನ್ನು ನಿಧಾನವಾಗಿ ನೋಡಿದೆ. ಕನ್ನಡದ ಅಕ್ಷರಶೈಲಿಗಳಿಗೆ ಗುಬ್ಬಿ, ನವಿಲು ಎಂದು ಹೆಸರು! ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯನ್ನು ಆಧರಿಸಿದ ‘ಕಗಪ’ ವಿನ್ಯಾಸವೂ ಅಲ್ಲಿತ್ತು. ನಮ್ಮ ಜಿಲ್ಲೆಗಳ ಒಬ್ಬರ ಬುದ್ಧಿ ಪರದೇಶದ ಉಗ್ರಾಣದ ಮೂಲಕ ಮತ್ತೆ ನನ್ನ ಬೆರಳಿಗೇ ಬಂದಿತ್ತು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿ, 2017ರಲ್ಲಿ ‘ಕೈಟ್’ ಎಂದು ಬೆಳೆಸಿದ ಯೋಜನೆ ಶಾಲೆಗಳಿಗೆ ತನ್ನದೇ ಲಿನಕ್ಸ್ ಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕನ್ನಡ ಪಠ್ಯದಿಂದಲೇ ಕಲಿಯುತ್ತಾರೆ.

ಉಗ್ರಾಣಕ್ಕೆ ಕಳ್ಳರು ಹೊಗುವುದೂ ಉಂಟು. ಡೆಬಿಯನ್‌ಗೆ ಮೂರು ಕೋಣೆ. ಹೊಸ ಮಾಲು ಮೊದಲು ‘ಸಿಡ್’ ಎಂಬ ಕೋಣೆಗೆ, ಅಲ್ಲಿಂದ ಪರೀಕ್ಷೆಯ ಕೋಣೆಗೆ, ಕೊನೆಗೆ ನಮ್ಮಂಥವರು ಬಳಸುವ ಸ್ಥಿರ ಕೋಣೆಗೆ. ಸಿಡ್ ಎಂದರೆ ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗ. 2024ರಲ್ಲಿ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ಮೇಲೆ ಮಾಡಿದ ದ್ರೋಹ ಅದು. ಮೊದಲೆರಡು ಕೋಣೆಗಳನ್ನು ಹೊಕ್ಕೂ ಆಗಿತ್ತು. ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅನುಮಾನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಹುಡುಕಿ, ಮಾರ್ಚ್ 29ರಂದು ಲೋಕಕ್ಕೆ ಹೇಳಿದರು. ಸ್ಥಿರ ಕೋಣೆಗೆ ವಿಷ ಬರಲಿಲ್ಲ.

ಅರ್ಧ ಸೆಕೆಂಡು! ಬೇಳೆಯನ್ನು ಅಂಗೈಯಲ್ಲಿ ಹರಡಿ, “ಇದರಲ್ಲಿ ಏನೋ ಇದೆ,” ಎನ್ನುತ್ತಿದ್ದ ದೊಡ್ಡಮ್ಮನ ಕಣ್ಣು ನೆನಪಾಯಿತು. ಗುಡಿಸುವುದು, ಒಣಗಿಸುವುದು, ಭರಣಿ ಒರೆಸುವುದು, ಇವೆಲ್ಲ ಮಾಡಿದಾಗ ಕಾಣುವುದಿಲ್ಲ, ಬಿಟ್ಟಾಗ ಮಾತ್ರ ಕಾಣುತ್ತವೆ. ಹೆಂಗಸರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅದನ್ನು ಕಲಿಯಲು ನನಗೆ ಏಳು ವರ್ಷ ಹಿಡಿಯಿತು.

ಈಗ ಭಾನುವಾರ ದೋಸೆ ಹಿಟ್ಟಿಗೆ ಉಪ್ಪು ಬೆರೆಸಿಟ್ಟು, ಕಾವಲಿ ಕಾಯುವಷ್ಟರಲ್ಲಿ ಅಪ್‌ಡೇಟ್ ಒತ್ತುತ್ತೇನೆ. ಪರದೆಯ ಮೇಲೆ ಪೊಟ್ಟಣಗಳ ಹೆಸರು ಒಂದೊಂದಾಗಿ ಹಾದುಹೋಗುತ್ತವೆ. ಯಾರ್ಯಾರೋ ಎಲ್ಲೆಲ್ಲೋ ಕುಳಿತು ಆರಿಸಿ ಕೊಟ್ಟ ಕಾಳುಗಳು. ಮುಗಿದ ಮೇಲೆ ಎದ್ದು ಹೋಗಿ ದೋಸೆ ಹೊಯ್ಯುತ್ತೇನೆ.