ಗುಂಡು ಹಾರಿಸಿದ ಪ್ರಕರಣಗಳಲ್ಲಿ ಆತ್ಮರಕ್ಷಣೆಯ ವಾದ: ಚರಿತ್ರೆ

ಬಂದೂಕಿನಿಂದಲೋ ಪಿಸ್ತೂಲಿನಿಂದಲೋ ಒಬ್ಬರನ್ನು ಕೊಂದ ಅಥವಾ ಗಾಯಗೊಳಿಸಿದ ಆರೋಪ ಹೊತ್ತವನು, ಗುಂಡು ಹಾರಿಸಿದ್ದನ್ನು ಅಲ್ಲಗಳೆಯದೆ, ತನ್ನ ಇಲ್ಲವೆ ಇನ್ನೊಬ್ಬರ ಜೀವವನ್ನು, ಕೆಲವೊಮ್ಮೆ ಸ್ವತ್ತನ್ನು, ಉಳಿಸಿಕೊಳ್ಳಲು ಹಾಗೆ ಮಾಡಬೇಕಾಯಿತೆಂದು ನ್ಯಾಯಾಲಯದ ಮುಂದಿಡುವ ವಾದವನ್ನು ಆತ್ಮರಕ್ಷಣೆಯ ವಾದ ಎನ್ನುತ್ತಾರೆ. ಭಾರತದ ಕಾನೂನಿನಲ್ಲಿ ಇದಕ್ಕೆ ಆಧಾರವಾಗಿರುವುದು ಖಾಸಗಿ ರಕ್ಷಣೆಯ ಹಕ್ಕು. 1862ರಿಂದ 2024ರವರೆಗೆ ಅದು ಭಾರತ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಈ ಕಲಮುಗಳಲ್ಲಿ ಆಯುಧಕ್ಕೂ ಆಯುಧಕ್ಕೂ ಭೇದವಿಲ್ಲ. ಆದರೂ ಬಡಿಗೆ, ಕೊಡಲಿಗಳ ಹೊಡೆದಾಟದಲ್ಲಿ ಅಷ್ಟಾಗಿ ತಲೆಯೆತ್ತದ ಕೆಲವು ಪ್ರಶ್ನೆಗಳನ್ನು, ಅಂದರೆ ಸತ್ತವನು ಎಷ್ಟು ದೂರದಲ್ಲಿದ್ದ, ಮುಖ ಮಾಡಿದ್ದನೋ ಬೆನ್ನು ತಿರುಗಿಸಿದ್ದನೋ, ಮೊದಲ ಗುಂಡಿನ ಮೇಲೆ ಎರಡನೆಯದು ಏಕೆ ಬೇಕಾಯಿತು ಎಂಬವನ್ನು, ಬಂದೂಕು ಮುಂದಕ್ಕೆ ತಂದಿದೆ; ಈ ವಾದದ ಚರಿತ್ರೆಯ ಬಹುಪಾಲು ಅವುಗಳ ಸುತ್ತಲೇ ಬೆಳೆದಿದೆ.

ಬಂದೂಕಿಗೆ ಎಷ್ಟೋ ಮುಂಚೆ, ಕನ್ನಡ ನಾಡಿನಲ್ಲಿಯೇ ರಚಿತವಾದ ಒಂದು ಗ್ರಂಥದಲ್ಲಿ ಈ ಚರ್ಚೆ ಸೂಕ್ಷ್ಮವಾಗಿ ನಡೆದಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಆತತಾಯಿಯ ವಿಷಯವನ್ನು ಎತ್ತಿಕೊಳ್ಳುತ್ತಾನೆ. ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧ ಹಿಡಿದು ಮೇಲೆ ಬರುವವನು, ಹಣವನ್ನು, ಹೊಲವನ್ನು, ಹೆಂಡತಿಯನ್ನು ಅಪಹರಿಸುವವನು ಎಂದು ಸ್ಮೃತಿಕಾರರು ಆರು ಬಗೆಯ ಆತತಾಯಿಗಳನ್ನು ಹೇಳುತ್ತಾರೆ. ಅಂಥವನು ಗುರುವಾಗಿರಲಿ, ಬ್ರಾಹ್ಮಣನಾಗಿರಲಿ, ಹಿಂದುಮುಂದು ನೋಡದೆ ಕೊಲ್ಲಬಹುದೆಂಬ ವಚನವನ್ನು ಅಕ್ಷರಶಃ ವಿಧಿಯೆಂದು ತೆಗೆದುಕೊಳ್ಳಲು ವಿಜ್ಞಾನೇಶ್ವರ ಒಪ್ಪುವುದಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಕೊಲ್ಲುವ ಉದ್ದೇಶವಿಲ್ಲದೆ ತಡೆಯುತ್ತಿರುವಾಗ ಎದುರಾಳಿ ಸತ್ತರೆ ಲಘು ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ ಎಂಬುದು ಅವನ ನಿಲುವು. ತಡೆಯುವುದು ಬೇರೆ, ಕೊಲ್ಲುವುದು ಬೇರೆ ಎಂಬ ಈ ಗೆರೆಯನ್ನೇ ಇಂದಿನ ನ್ಯಾಯಾಲಯಗಳೂ ಹುಡುಕುತ್ತಿವೆ. ಆದರೆ ಈಗಿನ ಕಲಮುಗಳು ಮಿತಾಕ್ಷರಾದಿಂದ ಹುಟ್ಟಿದವಲ್ಲ. ಅವುಗಳ ಮೂಲ ಇಂಗ್ಲಿಷ್ ಕಾನೂನು.

ಥಾಮಸ್ ಬಾಬಿಂಗ್ಟನ್ ಮೆಕಾಲೆ ಅಧ್ಯಕ್ಷನಾಗಿದ್ದ ಕಾನೂನು ಆಯೋಗ 1837ರಲ್ಲಿ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಡಕಾಯಿತರ ಹಾವಳಿಯನ್ನು ಇಲ್ಲಿನ ಜನ ತೀರ ತಾಳ್ಮೆಯಿಂದ ಸಹಿಸಿಕೊಳ್ಳುತ್ತಾರೆ, ಅವರಲ್ಲಿ ಎದುರಿಸಿ ನಿಲ್ಲುವ ಕೆಚ್ಚನ್ನು ಎಬ್ಬಿಸಬೇಕಾಗಿದೆ ಎಂಬ ಕಾರಣ ಕೊಟ್ಟು ಆಯೋಗ ಈ ಹಕ್ಕನ್ನು ಬೇಕೆಂದೇ ವಿಶಾಲವಾಗಿ ಬರೆಯಿತು. ಕರಡು ಕಾಯಿದೆಯಾಗಲು 1860ರವರೆಗೆ ಕಾಯಬೇಕಾಯಿತು. 1862ರ ಜನವರಿ 1ರಂದು ಅದು ಜಾರಿಗೆ ಬಂದಿತು. ಈ ನಡುವೆ 1857ರಲ್ಲಿ ಅದೇ ಬ್ರಿಟಿಷ್ ಸರ್ಕಾರ ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾನೂನನ್ನೂ ತಂದಿತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಮುಂದೆ ವಿಜಾಪುರ ಜಿಲ್ಲೆಗೆ ಬಂದು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು; ಬ್ರಿಟಿಷ್ ಪಡೆ ಊರನ್ನು ಸುಟ್ಟಿತು, ಸೆರೆಸಿಕ್ಕ ಅನೇಕರನ್ನು ಗಲ್ಲಿಗೇರಿಸಲಾಯಿತು. ಲಾವಣಿಗಳಲ್ಲಿ ಉಳಿದಿರುವ ಈ ಘಟನೆಯನ್ನು ದಂಡ ಸಂಹಿತೆಯ ಚರಿತ್ರೆಯೊಂದಿಗೆ ಸೇರಿಸಿ ಓದುವ ರೂಢಿಯಿಲ್ಲ, ಆದರೆ ಸೇರಿಸಿ ಓದುವುದು ಅವಶ್ಯ: ಎದುರಿಸಿ ನಿಲ್ಲಿರೆಂದು ಹಕ್ಕು ಕೊಟ್ಟ ಆಡಳಿತವೇ ಎದುರಿಸುವ ಸಾಧನವನ್ನು ಲೈಸೆನ್ಸಿನ ಹಿಡಿತಕ್ಕೆ ತಂದುಕೊಂಡಿತು. 1878ರ ಶಸ್ತ್ರಾಸ್ತ್ರ ಕಾಯಿದೆ ಈ ಹಿಡಿತವನ್ನು ಬಿಗಿಗೊಳಿಸಿತು. ಸ್ವತಂತ್ರ ಭಾರತದ 1959ರ ಕಾಯಿದೆಯೂ ಲೈಸೆನ್ಸಿನ ಪದ್ಧತಿಯನ್ನು ಮುಂದುವರಿಸಿತು.

ಸಂಹಿತೆಯ ಪ್ರಕಾರ ಸಾವು, ತೀವ್ರ ಗಾಯ, ಅತ್ಯಾಚಾರ, ಅಪಹರಣ ಮುಂತಾದವುಗಳ ಸಕಾರಣ ಭೀತಿ ಇದ್ದಾಗ, 2013ರ ತಿದ್ದುಪಡಿಯ ಮೇಲೆ ಆಸಿಡ್ ದಾಳಿಯ ಭೀತಿ ಇದ್ದಾಗಲೂ, ದಾಳಿಕಾರನ ಪ್ರಾಣ ತೆಗೆಯುವವರೆಗೆ ಹಕ್ಕು ಚಾಚುತ್ತದೆ. ಸಕಾರಣ ಭೀತಿ ಎಂದರೆ ಆ ಸ್ಥಿತಿಯಲ್ಲಿದ್ದ ಸಾಮಾನ್ಯ ಮನುಷ್ಯನಿಗೂ ಹುಟ್ಟಬಹುದಾಗಿದ್ದ ಭಯ. ಭೀತಿ ಹುಟ್ಟಿದ ಕ್ಷಣದಿಂದ ಹಕ್ಕು ಆರಂಭವಾಗುತ್ತದೆ, ಭೀತಿ ಇರುವವರೆಗೆ ಮಾತ್ರ ಇರುತ್ತದೆ. ಅಧಿಕಾರಿಗಳ ನೆರವು ಪಡೆಯಲು ಕಾಲಾವಕಾಶವಿದ್ದರೆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಹಕ್ಕು ಇದ್ದು ಅದನ್ನು ಸದ್ಭಾವನೆಯಿಂದ, ಪೂರ್ವಸಂಕಲ್ಪವಿಲ್ಲದೆ ಮೀರಿದ್ದರೆ ಅಪರಾಧ ಕೊಲೆಯಾಗದೆ ಕೊಲೆಯಲ್ಲದ ದಂಡನೀಯ ನರಹತ್ಯೆಯಾಗುತ್ತದೆ. ಅನೇಕ ಮೊಕದ್ದಮೆಗಳಲ್ಲಿ ವಕೀಲರ ನಿಜವಾದ ಗುರಿ ಪೂರ್ಣ ಬಿಡುಗಡೆಗಿಂತ ಈ ಇಳಿಕೆಯೇ ಆಗಿರುತ್ತದೆ. ಇಡೀ ಅಧ್ಯಾಯದಲ್ಲಿ ಗುಂಡಿನ ಮಾತು ನೇರವಾಗಿ ಬರುವುದು 106ನೆಯ ಕಲಮಿನ ದೃಷ್ಟಾಂತದಲ್ಲಿ: ಕೊಲ್ಲಲು ಬಂದ ಗುಂಪಿನ ಮೇಲೆ ಗುಂಡು ಹಾರಿಸದೆ ಉಳಿಗಾಲವಿಲ್ಲದವನು, ಆ ಗುಂಪಿನಲ್ಲಿ ಬೆರೆತಿರುವ ಎಳೆಯ ಮಕ್ಕಳಿಗೆ ಅಪಾಯವಾದೀತೆಂದು ತಿಳಿದೂ ಹಾರಿಸಿ ಮಗುವಿಗೆ ಹಾನಿಯಾದರೆ ಅದು ಅಪರಾಧವಲ್ಲ.

ಗುಂಡು ಹಾರಿಸಿದ್ದು ಆತ್ಮರಕ್ಷಣೆಗಾಗಿ ಎಂಬುದನ್ನು ಯಾರು ಸಾಬೀತುಪಡಿಸಬೇಕು ಎಂಬುದು ಬೇರೆಯೇ ಆದ ಪ್ರಶ್ನೆ. 1872ರ ಸಾಕ್ಷ್ಯ ಕಾಯಿದೆಯ 105ನೆಯ ಕಲಂ ಆ ಭಾರವನ್ನು ಆರೋಪಿಯ ಮೇಲೆ ಹಾಕಿತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಿನಲ್ಲಿದೆ. ಆದರೆ ಆರೋಪವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಸರ್ಕಾರಿ ಪಕ್ಷದ್ದಾಗಿಯೇ ಉಳಿಯುತ್ತದೆ, ಆರೋಪಿ ತನ್ನ ಮಾತು ಸಂಭವನೀಯವೆಂದು ತೋರಿಸಿದರೆ ಸಾಕು. ಎರಡು ಭಾರಗಳ ಈ ಹೆಣಿಗೆಯನ್ನು ಸರ್ವೋಚ್ಚ ನ್ಯಾಯಾಲಯ ವಿಸ್ತಾರವಾಗಿ ಪರಿಶೀಲಿಸಿದ್ದು ದೇಶದ ಅತ್ಯಂತ ಪ್ರಸಿದ್ಧ ಗುಂಡೇಟಿನ ಮೊಕದ್ದಮೆಯಲ್ಲಿ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ಪ್ರೇಮ್ ಆಹುಜಾ ಎಂಬವನನ್ನು ರಿವಾಲ್ವರಿನಿಂದ ಕೊಂದನು. ಅವನ ವಾದ ನೇರ ಆತ್ಮರಕ್ಷಣೆಯದಲ್ಲ, ರಿವಾಲ್ವರಿಗಾಗಿ ನಡೆದ ಎಳೆದಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತೆಂಬುದು. ಎಳೆದಾಟವಾಗಿದ್ದರೆ ಸತ್ತವನು ಉಟ್ಟಿದ್ದ ಟವೆಲ್ ಜಾರದೆ ಉಳಿದದ್ದು ಹೇಗೆ ಎಂದು ಸರ್ಕಾರಿ ಪಕ್ಷ ಕೇಳಿತು. ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು, ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಶಿಕ್ಷಿಸಿತು, 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆತ್ಮರಕ್ಷಣೆಯ ವಾದ ಗೆದ್ದ ಪ್ರಕರಣಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಅಮ್ಜದ್ ಖಾನ್ ಪ್ರಕರಣ. 1950ರ ಮಾರ್ಚ್ 5ರಂದು ಮಧ್ಯಪ್ರದೇಶದ ಕಟ್ನಿಯಲ್ಲಿ ಸಿಂಧಿ ನಿರಾಶ್ರಿತರಿಗೂ ಸ್ಥಳೀಯ ಮುಸ್ಲಿಮರಿಗೂ ಗಲಭೆಯಾಯಿತು. ಗುಂಪು ಅಮ್ಜದ್ ಖಾನನ ಸೋದರನ ಅಂಗಡಿಯನ್ನು ಲೂಟಿಮಾಡಿ ಖಾನನ ಬಾಗಿಲನ್ನೂ ಲಾಠಿಗಳಿಂದ ಬಡಿಯತೊಡಗಿದಾಗ ಅವನು ಎರಡು ಗುಂಡು ಹಾರಿಸಿದನು. ಒಬ್ಬ ಸತ್ತನು, ಮೂವರಿಗೆ ಗಾಯವಾಯಿತು. ಗುಂಪು ಇನ್ನೂ ಒಳನುಗ್ಗಿರಲಿಲ್ಲವಲ್ಲ ಎಂಬ ಆಕ್ಷೇಪವನ್ನು 1952ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ: ಬಾಗಿಲು ಮುರಿಯುವವರೆಗೆ ಕಾಯಬೇಕೆಂದು ಕಾನೂನು ಕೇಳುವುದಿಲ್ಲ, ಅಂಥ ಗಳಿಗೆಯಲ್ಲಿ ಎಷ್ಟು ಬಲ ಬೇಕೆಂಬುದನ್ನು ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂಬುದು ತೀರ್ಪಿನ ಸಾರ. ಅಮ್ಜದ್ ಖಾನ್ ಬಿಡುಗಡೆಯಾದನು. ಆ ತಕ್ಕಡಿಯ ಮಾತನ್ನು ಆಮೇಲಿನ ಆರೋಪಿಗಳ ವಕೀಲರು ಎಷ್ಟು ಸಲ ಬಳಸಿದ್ದಾರೆಂದರೆ ಅದರ ಹಿಂದಿನ ಕಟ್ನಿಯ ಬಾಗಿಲು ಮರೆತೇಹೋಗಿದೆ.

ಹತ್ತು ವರ್ಷಗಳ ನಂತರ ಬಂದ ಜೈದೇವ್ ಪ್ರಕರಣ ಗೆರೆಯ ಇನ್ನೊಂದು ಬದಿಯನ್ನು ತೋರಿಸಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ 1962ರಲ್ಲಿ ಬರೆದ ಈ ತೀರ್ಪು ಅಂದಿನ ಪಂಜಾಬಿನ ಹೊಲವೊಂದರ ಸ್ವಾಧೀನದ ಜಗಳಕ್ಕೆ ಸಂಬಂಧಿಸಿದ್ದು. ರಕ್ಷಣೆಯ ಹಕ್ಕು ಮೊದಲಿಗೆ ಇತ್ತೆಂದೇ ಇಟ್ಟುಕೊಂಡರೂ, ಎದುರು ಗುಂಪು ಓಡತೊಡಗಿದ ಮೇಲೆ ದೂರದಲ್ಲಿದ್ದವರ ಮೇಲೆ ಹಾರಿಸಿದ ಗುಂಡಿಗೆ ಅದರ ಆಸರೆ ಸಿಗದು, ಭೀತಿ ಮುಗಿದಲ್ಲಿ ಹಕ್ಕೂ ಮುಗಿಯುತ್ತದೆ ಎಂದು ನ್ಯಾಯಾಲಯ ಹೇಳಿತು. ಬಡಿಗೆ ಹಿಡಿದವನು ಓಡುವವನನ್ನು ಬೆನ್ನಟ್ಟಿ ಹೋಗಬೇಕು, ಆ ಬೆನ್ನಟ್ಟುವಿಕೆಯೇ ಅವನ ಉದ್ದೇಶವನ್ನು ಬಯಲುಮಾಡುತ್ತದೆ. ಬಂದೂಕು ಹಿಡಿದವನು ನಿಂತಲ್ಲೇ ನಿಂತು ಅದೇ ಕೆಲಸ ಮಾಡಬಲ್ಲನಾದ್ದರಿಂದ ದೂರದ ಅಳತೆ ಇಲ್ಲಿ ಉದ್ದೇಶದ ಸಾಕ್ಷ್ಯವಾಗುತ್ತದೆ. 1968ರ ಮುನ್ಷಿ ರಾಮ್ ತೀರ್ಪು, ಆರೋಪಿ ಈ ವಾದವನ್ನು ತಾನಾಗಿ ಎತ್ತದಿದ್ದರೂ ದಾಖಲೆಯಲ್ಲಿ ಆಧಾರವಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದೆಂದಿತು. ಕಲ್ಲು ತೂರುತ್ತಿದ್ದ ಕೂಲಿಕಾರರ ಮೇಲೆ ಗುಂಡು ಹಾರಿಸಿ ಒಬ್ಬನ ಸಾವಿಗೆ ಕಾರಣನಾದ ಕಾರ್ಖಾನೆ ಮಾಲೀಕ ಮೊಹಿಂದರ್ ಪಾಲ್ ಜಾಲಿಗೆ 1979ರಲ್ಲಿ ಹಕ್ಕಿನ ಪೂರ್ಣ ಆಸರೆ ದೊರೆಯದೆ ನರಹತ್ಯೆಯ ಶಿಕ್ಷೆ ಉಳಿಯಿತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಾದರೋ, ಜಮೀನಿನ ಜಗಳದಲ್ಲಿ ತಂದೆಯ ಮೇಲೆ ಗಂಡಾಸವೆಂಬ ಕೊಡಲಿಯಂಥ ಆಯುಧದ ಏಟು ಬಿದ್ದಾಗ ಗುಂಡು ಹಾರಿಸಿದ ಮಗನನ್ನು ಬಿಡುಗಡೆ ಮಾಡಿ, ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅದುವರೆಗಿನ ತತ್ವಗಳನ್ನು ಹತ್ತು ಅಂಶಗಳಲ್ಲಿ ಕ್ರೋಡೀಕರಿಸಿದರು. ಅಪಾಯವನ್ನು ಎದುರಿಸುವವನು ಹೇಡಿಯಂತೆ ಓಡಬೇಕಾಗಿಲ್ಲ ಎಂಬ ನಿಲುವನ್ನು ಈ ತೀರ್ಪು ಗಟ್ಟಿಗೊಳಿಸಿತು. ಅಮೆರಿಕದ ಫ್ಲಾರಿಡಾ ರಾಜ್ಯ 2005ರಲ್ಲಿ ಹಿಂದೆ ಸರಿಯುವ ಕರ್ತವ್ಯವನ್ನು ಕಾಯಿದೆಯಿಂದಲೇ ತೆಗೆದುಹಾಕಿದಾಗ ಎದ್ದ ವಿವಾದದ ತಿರುಳು ಇದೇ ಆದರೂ, ಭಾರತದಲ್ಲಿ ಅಧಿಕಾರಿಗಳ ನೆರವು ಪಡೆಯುವ ಅವಕಾಶವನ್ನು ಕುರಿತ ಷರತ್ತು ಆ ಹಕ್ಕಿಗೆ ಕಡಿವಾಣವಾಗಿ ಉಳಿದಿದೆ.

ಸೆಷನ್ಸ್ ನ್ಯಾಯಾಲಯದಲ್ಲಿ ವಾದ ತತ್ವಗಳಿಂದ ಆರಂಭವಾಗುವುದಿಲ್ಲ, ಪಂಚನಾಮೆ ಮತ್ತು ಶವಪರೀಕ್ಷೆಯ ವರದಿಯಿಂದ ಆರಂಭವಾಗುತ್ತದೆ. ಗಾಯದ ಸುತ್ತ ಸುಟ್ಟ ಗುರುತು, ಮಸಿ, ಚರ್ಮದಲ್ಲಿ ನಾಟಿದ ಮದ್ದಿನ ಕಣಗಳು ಇದ್ದರೆ ಗುಂಡು ಹತ್ತಿರದಿಂದ ಬಂದಿದೆ, ಎಳೆದಾಟ ನಡೆದಿರಬಹುದು. ಚರೆಗಳು ದೇಹದ ಮೇಲೆ ಅಗಲವಾಗಿ ಹರಡಿದ್ದರೆ ಬಂದೂಕು ದೂರದಲ್ಲಿತ್ತು. ಗುಂಡು ಹೊಕ್ಕ ತೂತು ಬೆನ್ನಿನಲ್ಲಿದ್ದರೆ ಆತ್ಮರಕ್ಷಣೆಯ ವಾದಕ್ಕೆ ದೊಡ್ಡ ಪೆಟ್ಟು. ಆರೋಪಿಯ ಮೈಮೇಲಿನ ಗಾಯಗಳಿಗೆ ಸರ್ಕಾರಿ ಪಕ್ಷ ವಿವರಣೆ ಕೊಡದಿದ್ದರೆ ಪಾಟೀಸವಾಲು ಅಲ್ಲಿಗೇ ತಿರುಗುತ್ತದೆ. ಸಾಕ್ಷಿಗಳು ಘಟನೆಯ ಮೂಲವನ್ನೇ ಮುಚ್ಚಿಟ್ಟಿದ್ದಾರೆಂಬ ಅನುಮಾನಕ್ಕೆ ಅದು ಎಡೆಮಾಡುತ್ತದೆಂದು 1976ರ ಲಕ್ಷ್ಮಿ ಸಿಂಗ್ ತೀರ್ಪು ಹೇಳಿದೆ. ಎರಡೂ ಕಡೆಯವರು ಫಿರ್ಯಾದಿ ಕೊಟ್ಟು ಕೌಂಟರ್ ಕೇಸು ಆದಾಗ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೊಂದರಂತೆ ಕೇಳಿ ತೀರ್ಪು ಕೊಡಬೇಕೆಂಬುದು ನಿಯಮ.

ಉದಾಹರಣೆಗೆ, ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಬಿಜ್ಜರಗಿಯಂಥ ಊರುಗಳಿಂದ ಬರುವ ಇಂಥ ಪ್ರಕರಣಗಳು ವಿಜಯಪುರದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯುತ್ತವೆ. ಮೇಲ್ಮನವಿಗಳು 2008ರಿಂದ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೆ ಹೋಗುತ್ತವೆ. ದ್ರಾಕ್ಷಿ ಬೆಳೆಯುವ ಈ ಸೀಮೆಯಲ್ಲಿ ಸ್ವತ್ತಿನ ರಕ್ಷಣೆಯ ಮಿತಿ ಬರಿಯ ಪುಸ್ತಕದ ವಿಷಯವಲ್ಲ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಲು 1959ರ ಕಾಯಿದೆಯ 13ನೆಯ ಕಲಂ ಅವಕಾಶ ಮಾಡಿದೆ. ಆದರೆ ಆ ಲೈಸೆನ್ಸ್ ತೋಟಕ್ಕೆ ನುಗ್ಗಿದ ಕಳ್ಳನ ಪ್ರಾಣ ತೆಗೆಯುವ ಅಧಿಕಾರವಲ್ಲ. ಸ್ವತ್ತಿಗಾಗಿ ಪ್ರಾಣ ತೆಗೆಯಬಹುದಾದದ್ದು ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಮನೆಗನ್ನ, ವಾಸದ ಮನೆಗೆ ಬೆಂಕಿ ಮುಂತಾದವುಗಳಲ್ಲಿ. ಬರಿಯ ಕಳ್ಳತನದಲ್ಲಿ, ತಡೆಯದಿದ್ದರೆ ಸಾವು ಇಲ್ಲವೆ ತೀವ್ರ ಗಾಯವಾದೀತೆಂಬ ಭೀತಿ ಇದ್ದರೆ ಮಾತ್ರ. ಜಿಲ್ಲೆಯ ಉತ್ತರಕ್ಕೆ ಭೀಮಾ ತೀರದ ವೈಷಮ್ಯಗಳಲ್ಲಿ ಹೆಸರಾದ ನಾಡ ಪಿಸ್ತೂಲಿನ ಪ್ರಶ್ನೆ ಬೇರೆ: ಆಯುಧ ಅಕ್ರಮವಾಗಿದ್ದ ಮಾತ್ರಕ್ಕೆ ಆತ್ಮರಕ್ಷಣೆಯ ಹಕ್ಕು ಅಳಿಯುವುದಿಲ್ಲ, ಆದರೆ ಅದನ್ನು ಇಟ್ಟುಕೊಂಡದ್ದಕ್ಕೆ ಶಸ್ತ್ರಾಸ್ತ್ರ ಕಾಯಿದೆಯಡಿ ಪ್ರತ್ಯೇಕ ಶಿಕ್ಷೆಯಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವ ಕೊಡಗಿನಲ್ಲಿಯೂ ಗುಂಡು ಹಾರಿದ ಮೇಲೆ ಅನ್ವಯವಾಗುವುದು ಇದೇ ಕಲಮುಗಳು.

ಆರೋಪಿಯ ಸ್ಥಾನದಲ್ಲಿ ಪೊಲೀಸರೇ ನಿಲ್ಲಬಹುದಾದ ಸಂದರ್ಭ ಎನ್‌ಕೌಂಟರ್. ಪೊಲೀಸರ ಗುಂಡಿಗೆ ಒಬ್ಬರು ಸತ್ತಾಗ ಆತ್ಮರಕ್ಷಣೆಗಾಗಿ ಹಾರಿಸಿದೆವೆಂಬ ಹೇಳಿಕೆಯನ್ನು ಪೊಲೀಸರೇ ಬರೆದುಕೊಂಡು ಕಡತ ಮುಚ್ಚುವ ಪರಿಪಾಠವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪ್ರಶ್ನಿಸಿತು. ಆಗ ಅದರ ಅಧ್ಯಕ್ಷರಾಗಿದ್ದವರು ಕರ್ನಾಟಕದವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ, 1997ರ ಮಾರ್ಚ್ 29ರಂದು ಅವರು ಮುಖ್ಯಮಂತ್ರಿಗಳಿಗೆ ಬರೆದ ಪತ್ರ, ಹಾರಿಸಿದವರು ಅದೇ ಠಾಣೆಯವರಾಗಿದ್ದರೆ ಸಿಐಡಿಯಂಥ ಬೇರೆ ಸಂಸ್ಥೆ ತನಿಖೆ ಮಾಡಬೇಕೆಂದಿತು. 2009ರಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ಇಂಥ ಪ್ರತಿ ಸಾವಿನಲ್ಲೂ ಪ್ರಕರಣ ದಾಖಲಾಗಬೇಕು, ಆತ್ಮರಕ್ಷಣೆ ಹೌದೋ ಅಲ್ಲವೋ ಎಂಬುದು ವಿಚಾರಣೆಯಲ್ಲೇ ತೀರ್ಮಾನವಾಗಬೇಕು ಎಂದಿತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತಾದರೂ, 2014ರ ಸೆಪ್ಟೆಂಬರ್ 23ರಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ತಾನೇ 16 ನಿರ್ದೇಶನಗಳನ್ನು ಕೊಟ್ಟು ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆಗಳನ್ನು ಕಡ್ಡಾಯ ಮಾಡಿತು. ಈ ನಿರ್ದೇಶನಗಳ ಮಹತ್ವ ವಿಜಯಪುರ ಜಿಲ್ಲೆಯಲ್ಲಿಯೇ ಕಂಡುಬಂದಿತು. 2017ರ ಅಕ್ಟೋಬರ್ 30ರಂದು ಚಡಚಣ ಸಮೀಪದ ಕೊಂಕಣಗಾಂವದಲ್ಲಿ, ಅಕ್ರಮ ಆಯುಧಗಳ ಶೋಧಕ್ಕೆ ಹೋದಾಗ ತಮ್ಮ ಮೇಲೆ ಗುಂಡು ಹಾರಿತೆಂದೂ ಪ್ರತಿಯಾಗಿ ಹಾರಿಸಿದಾಗ ಒಬ್ಬನು ಸತ್ತನೆಂದೂ ಪೊಲೀಸರು ಹೇಳಿದ್ದರು. ಅದೇ ದಿನದಿಂದ ಕಾಣೆಯಾಗಿದ್ದ ಅವನ ತಮ್ಮನ ವಿಷಯ ಮರುವರ್ಷ ತನಿಖೆಗೆ ಬಂದಾಗ ಪೊಲೀಸ್ ಸಿಬ್ಬಂದಿಯೂ ಬಂಧನಕ್ಕೊಳಗಾದರು.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಕಲಮುಗಳ ಸಂಖ್ಯೆ ಬದಲಾಯಿತು, ಬೆಂಕಿಯ ಜೊತೆಗೆ ಸ್ಫೋಟಕ ವಸ್ತುವಿನ ಉಲ್ಲೇಖ ಸೇರಿತು, ಉಳಿದದ್ದು ಬಹುಮಟ್ಟಿಗೆ 1860ರ ಪಾಠವೇ. ಆ ದಿನಾಂಕಕ್ಕೆ ಮುಂಚೆ ಹಾರಿದ ಗುಂಡುಗಳ ಮೊಕದ್ದಮೆಗಳಿಗೆ ಹಳೆಯ ಸಂಹಿತೆಯೇ ಅನ್ವಯವಾಗುವುದರಿಂದ, 96ನೆಯ ಕಲಮೂ 34ನೆಯ ಕಲಮೂ ಸದ್ಯಕ್ಕೆ ಒಂದೇ ನ್ಯಾಯಾಲಯದ ಕಲಾಪದಲ್ಲಿ ಅಕ್ಕಪಕ್ಕದಲ್ಲಿ ಕೇಳಿಬರುತ್ತಿವೆ.