ಗರ್ಭಚೀಲ ತೆಗೆಯುವ ಮುಂಚಿನ ಮೆಟ್ಟಿಲುಗಳು: ಕಲಬುರಗಿ–ಕಮಲಾಪುರ ಸೀಮೆಯಲ್ಲಿ ಮುಟ್ಟು ನಿಲ್ಲುವ ಕಾಲದ ಆರೈಕೆ

ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮಾತ್ರ ಮುಟ್ಟು ನಿಂತಿದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅದಕ್ಕೂ ಮುಂಚಿನ ಕೆಲವು ವರ್ಷ ಅಂಡಾಶಯದ ಲಯ ಏರುಪೇರಾಗುತ್ತಿರುತ್ತದೆ, ಇದು ಪೆರಿಮೆನೋಪಾಸ್. 2012ರಲ್ಲಿ ಪ್ರಕಟವಾದ ‘ಸ್ಟ್ರಾ+10’ ಮಾನದಂಡದ ಪ್ರಕಾರ, ಒಂದು ಚಕ್ರಕ್ಕೂ ಮುಂದಿನದಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮರುಕಳಿಸುತ್ತಿದ್ದರೆ ಅದು ಈ ಕಾಲದ ಆರಂಭ. ಅರವತ್ತು ದಿನ ಅಥವಾ ಹೆಚ್ಚು ಮುಟ್ಟು ತಪ್ಪತೊಡಗಿದರೆ ಅದು ಕೊನೆಯ ಘಟ್ಟ. ಭಾರತದ ಮಹಿಳೆಯರಿಗೆ ಸರಾಸರಿ 46–47ನೇ ವಯಸ್ಸಿಗೆ ಮುಟ್ಟು ನಿಲ್ಲುವುದರಿಂದ, ನಲವತ್ತು ದಾಟುತ್ತಲೇ ಅನೇಕರು ಈ ಹಂತಕ್ಕೆ ಕಾಲಿಡುತ್ತಾರೆ. ಕಲಬುರಗಿ ಜಿಲ್ಲೆಯ ಅನುಭವವನ್ನು ಮುಂದಿಟ್ಟು ಈ ಲೇಖನ ವಾದಿಸುವುದಿಷ್ಟು: ಈ ಭಾಗದಲ್ಲಿ ದೊಡ್ಡ ಅಪಾಯ ಇರುವುದು ಪೆರಿಮೆನೋಪಾಸಿನ ಲಕ್ಷಣಗಳಲ್ಲಲ್ಲ. ಏರುಪೇರಾದ ಮುಟ್ಟನ್ನು ಕ್ರಮವಾಗಿ ಪರಿಶೀಲಿಸುವ ವ್ಯವಸ್ಥೆ ಊರಿನ ಹತ್ತಿರ ಇಲ್ಲದಿರುವುದರಲ್ಲಿ.

ಆ ಕೊರತೆಯ ಪರಿಣಾಮ 2015ರ ಸುಮಾರಿಗೆ ಬಯಲಾಯಿತು. ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅಗತ್ಯವಿಲ್ಲದೆ ಗರ್ಭಚೀಲ ತೆಗೆಯಲಾಗಿದೆ ಎಂಬ ದೂರುಗಳೆದ್ದವು. ಕರ್ನಾಟಕ ಜನಾರೋಗ್ಯ ಚಳವಳಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2017ರಲ್ಲಿ ನೊಂದ ಮಹಿಳೆಯರು ಕಲಬುರಗಿ ನಗರದಲ್ಲೇ ಪ್ರತಿಭಟಿಸಿದರು. ಆಗ ಪತ್ರಿಕೆಗಳಲ್ಲಿ ವರದಿಯಾದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಎರಡು ಸಾವಿರಕ್ಕೂ ಮಿಕ್ಕಿತ್ತು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ, ರಕ್ತ ಹೆಚ್ಚು ಹೋಗುತ್ತದೆ ಎಂದು ಹೋದವರಿಗೆ ಕ್ಯಾನ್ಸರ್ ಭಯ ತೋರಿಸಲಾಯಿತೆಂಬುದು ಅವರ ದೂರಿನ ತಿರುಳು. ಇದು ಒಂದೇ ಜಿಲ್ಲೆಯ ಕಥೆಯೂ ಅಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 3.2ರಷ್ಟು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಮಹಿಳೆಯರು ಕೊಟ್ಟ ಮುಖ್ಯ ಕಾರಣ ಅತಿಯಾದ ರಕ್ತಸ್ರಾವ ಅಥವಾ ನೋವು.

ಇಲ್ಲೊಂದು ಆಕ್ಷೇಪ ಸಹಜ. ಇವರಲ್ಲಿ ಬಹಳಷ್ಟು ಮಂದಿ ಮೂವತ್ತರ ಹರೆಯದವರು. ಅವರಿಗೂ ಪೆರಿಮೆನೋಪಾಸಿಗೂ ಏನು ಸಂಬಂಧ? ಸಂಬಂಧ ಎರಡು ಬಗೆಯದು. ಬೇಗ ಮದುವೆ, ಬೇಗ ಹೆರಿಗೆ, ಆಮೇಲೆ ಸಂತಾನಹರಣ ಆಪರೇಷನ್ ಎಂಬ ಸರಣಿ ಮುಗಿಯುತ್ತಲೇ ಸರ್ಕಾರಿ ಆರೋಗ್ಯ ವ್ಯವಸ್ಥೆಗೂ ಮಹಿಳೆಗೂ ಇದ್ದ ನಂಟು ಸಡಿಲಗೊಳ್ಳುತ್ತದೆ. ‘ಇನ್ನು ಗರ್ಭಚೀಲದಿಂದ ಏನು ಕೆಲಸ’ ಎಂಬ ಮಾತಿಗೆ ಮೂವತ್ತೈದರವಳೂ ನಲವತ್ತೈದರವಳೂ ಒಂದೇ ರೀತಿ ಸಿಗುತ್ತಾರೆ. ಎರಡನೆಯದು, ಶಸ್ತ್ರಚಿಕಿತ್ಸೆಯೇ ಮುಟ್ಟು ನಿಲ್ಲುವ ಕಾಲವನ್ನು ಹಿಂದಕ್ಕೆಳೆಯಬಲ್ಲದು. ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನು ಒಮ್ಮೆಗೇ ಕುಸಿಯುತ್ತದೆ. ಮೂಳೆ ಸವೆತ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚುತ್ತದೆ. ಅಂಡಾಶಯ ಉಳಿಸಿದವರಲ್ಲೂ ಅದು ಬೇಗ ಸೋಲುವುದನ್ನು ಅಧ್ಯಯನಗಳು ಗುರುತಿಸಿವೆ. ಹೀಗೆ ನಲವತ್ತರವಳ ಸಹಜ ಏರುಪೇರು ರೋಗವೆನಿಸಿಕೊಳ್ಳುತ್ತದೆ, ಮೂವತ್ತರವಳಿಗೆ ಅಕಾಲದ ಮುಪ್ಪು ಬರುತ್ತದೆ. ಎರಡಕ್ಕೂ ಬೇರು ಒಂದೇ.

ಹಾಗೆಂದು ‘ಇದೆಲ್ಲ ವಯಸ್ಸಿನದ್ದು, ತಾನೇ ಸರಿಹೋಗುತ್ತದೆ’ ಎಂಬ ಸಮಾಧಾನವೂ ಅಷ್ಟೇ ಅಪಾಯಕಾರಿ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ರಕ್ತ ಕಡಿಮೆಯಿರುವವಳಿಗೆ ತಿಂಗಳಾನುಗಟ್ಟಲೆ ಅತಿಸ್ರಾವ ಸಣ್ಣ ಸಂಗತಿಯಲ್ಲ. ಕಲಬುರಗಿಯ ಬ್ಯಾಸಿಗೆಯಲ್ಲಿ ಮೈ ಉರಿಯುವುದು ಎಲ್ಲರಿಗೂ ಇದ್ದದ್ದೇ ಎಂಬ ವಾದವೂ ನಿಲ್ಲದು: ಎದೆ–ಮುಖಕ್ಕೆ ಥಟ್ಟನೆ ಏರಿ ಕೆಲವೇ ನಿಮಿಷಗಳಲ್ಲಿ ಬೆವರಾಗಿ ಇಳಿಯುವ, ಚಳಿಗಾಲದ ರಾತ್ರಿಯಲ್ಲೂ ನಿದ್ದೆ ಕೆಡಿಸುವ ಬಿಸಿಗೆ ಹವೆಯೊಂದೇ ಕಾರಣವಲ್ಲ. ಅಮೆರಿಕದ ‘ಸ್ವಾನ್’ ಅಧ್ಯಯನದಲ್ಲಿ ಈ ತೊಂದರೆ ಪದೇ ಪದೇ ಕಾಡಿದವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ನಮ್ಮಲ್ಲಿ ಮೈಕೈ ನೋವು, ದಣಿವು, ಕೀಲುನೋವುಗಳೇ ಮುಂದಾಗಿ ಕಾಣುವುದರಿಂದ ಅವು ಹೊಲದ ದುಡಿಮೆಯ ಲೆಕ್ಕಕ್ಕೆ ಸೇರಿಬಿಡುತ್ತವೆ.

ನಿರ್ವಹಣೆಯ ಮೊದಲ ಮೆಟ್ಟಿಲುಗಳಿಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ನಲವತ್ತೈದು ದಾಟಿದವರಲ್ಲಿ ಲಕ್ಷಣ ಮತ್ತು ಮುಟ್ಟಿನ ದಿನಾಂಕಗಳಿಂದಲೇ ಪೆರಿಮೆನೋಪಾಸ್ ಗುರುತಿಸಬಹುದು. ಹಾರ್ಮೋನು ದಿನಕ್ಕೊಂದು ಮಟ್ಟದಲ್ಲಿರುವುದರಿಂದ ದುಬಾರಿ ರಕ್ತಪರೀಕ್ಷೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ನೋಡಬೇಕು. ಅತಿಸ್ರಾವಕ್ಕೆ ಸ್ಕ್ಯಾನಿಂಗ್, ಅಗತ್ಯವಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿ. ನಂತರ ಕಬ್ಬಿಣದ ಗುಳಿಗೆ, ಟ್ರಾನೆಕ್ಸಾಮಿಕ್ ಆಮ್ಲ, ಪ್ರೊಜೆಸ್ಟರಾನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿ. ಇವು ಫಲಿಸದಿದ್ದಾಗ, ಅಥವಾ ಕ್ಯಾನ್ಸರಿನಂಥ ಕಾರಣ ಖಚಿತವಾದಾಗ, ಶಸ್ತ್ರಚಿಕಿತ್ಸೆ. ಲೈಂಗಿಕ ಸಂಪರ್ಕದ ಬಳಿಕ, ಎರಡು ಮುಟ್ಟುಗಳ ನಡುವೆ, ಇಲ್ಲವೇ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ತಪಾಸಣೆ ಆಗಬೇಕು. ಬಿಸಿಯೇರುವಿಕೆ ತೀವ್ರವಿದ್ದವರಿಗೆ ಹಾರ್ಮೋನು ಚಿಕಿತ್ಸೆ ಪರಿಣಾಮಕಾರಿ. ಅದರ ಬಗೆಗಿನ ಭಯಕ್ಕೆ ಮೂಲವಾದ 2002ರ ಅಮೆರಿಕದ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದ ಬಹುಪಾಲು ಮಹಿಳೆಯರಿಗೆ ಲಾಭವೇ ಹೆಚ್ಚು.

ಕಠಿಣವಾದ ಆಕ್ಷೇಪ ಬರುವುದು ದುಡಿಮೆಯ ಕಡೆಯಿಂದ. ದಿನಗೂಲಿಯವಳಿಗೆ ತಿಂಗಳುಗಟ್ಟಲೆ ಗುಳಿಗೆ, ಮತ್ತೆ ಮತ್ತೆ ತಪಾಸಣೆ ಎಂದರೆ ಕೂಲಿ ನಷ್ಟ. ಒಮ್ಮೆ ತೆಗೆಸಿಬಿಟ್ಟರೆ ಪೀಡೆ ಹೋಯಿತು ಎಂದು ಅವಳೇ ಬಯಸಿದರೆ ತಡೆಯಲು ನಾವ್ಯಾರು? ಈ ಬಯಕೆಯನ್ನು ಅಜ್ಞಾನವೆಂದು ತಳ್ಳುವಂತಿಲ್ಲ. ಆದರೆ ಹೊಲದಲ್ಲಿ ಶೌಚಾಲಯವಿಲ್ಲದೆ, ಹತ್ತಿರದಲ್ಲಿ ಸ್ತ್ರೀರೋಗ ತಜ್ಞರಿಲ್ಲದೆ, ಬೇರೆ ದಾರಿಗಳ ಸುದ್ದಿಯೇ ತಿಳಿಯದೆ ಮಾಡಿದ ಆಯ್ಕೆ ಪೂರ್ಣ ಆಯ್ಕೆಯಲ್ಲ. ಸಾಲ ಮಾಡಿ ಮಾಡಿಸಿದ ಆಪರೇಷನ್ ಮುಂದಿನ ದಶಕಗಳ ಮೂಳೆನೋವಿನ ರೂಪದಲ್ಲಿ ಅದೇ ಕೂಲಿಯನ್ನು ಕಸಿಯಬಹುದು.

2023ರ ಏಪ್ರಿಲ್ 5ರಂದು ಡಾ. ನರೇಂದ್ರ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು. ನಿಗಾ ಅಗತ್ಯ, ಆದರೆ ಆಪರೇಷನ್ ತಡೆದ ಮೇಲೆ ಆ ಮಹಿಳೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ನಿಗಾ ಉತ್ತರ ಕೊಡದು. ಕಲಬುರಗಿ ನಗರದಲ್ಲಿ ಜಿಮ್ಸ್, ಇಎಸ್‌ಐ, ಎಂ.ಆರ್. ವೈದ್ಯಕೀಯ ಕಾಲೇಜುಗಳಿವೆ, ಆದರೆ ಹುಮನಾಬಾದ್ ರಸ್ತೆಯ ಕಮಲಾಪುರ ತಾಲ್ಲೂಕಿನ ತಾಂಡಾದಿಂದ ಅಲ್ಲಿಗೆ ಬರುವುದೆಂದರೆ ಒಂದು ದಿನದ ಕೂಲಿ ಬಿಡುವುದು. ಮೂವತ್ತು ದಾಟಿದವರಿಗೆ ಸರ್ಕಾರ ಈಗಾಗಲೇ ನಡೆಸುವ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆಯಲ್ಲೇ ಮುಟ್ಟಿನ ಅಂತರ, ಸ್ರಾವದ ಪ್ರಮಾಣ, ನಿದ್ದೆ, ಬಿಸಿಯೇರುವಿಕೆಗಳ ಪ್ರಶ್ನೆ ಸೇರಿಸಿ, ಮೊದಲ ಹಂತದ ಔಷಧಗಳನ್ನು ಕಮಲಾಪುರದಲ್ಲೇ ಒದಗಿಸಿ, ವಾರಕ್ಕೊಮ್ಮೆ ತಜ್ಞರನ್ನು ನಗರದಿಂದ ಕಳಿಸುವುದು ಹೊಸ ಯೋಜನೆಯನ್ನೇ ಬೇಡುವ ಕೆಲಸವಲ್ಲ. ಹೆರಿಗೆಗೆಂದು ಕಟ್ಟಿದ ವ್ಯವಸ್ಥೆ ಹೆರಿಗೆ ಮುಗಿದ ಮಹಿಳೆಯನ್ನೂ ತನ್ನ ಹೊಣೆಯೆಂದು ಒಪ್ಪಿಕೊಂಡರೆ, ಶಸ್ತ್ರಚಿಕಿತ್ಸೆ ತಾನಿರಬೇಕಾದ ಕೊನೆಯ ಮೆಟ್ಟಿಲಿನಲ್ಲೇ ಉಳಿಯುತ್ತದೆ.